ಲಕ್ಷ್ಮೀ ನಗರದ ಗೋಡೆಯ ಉಣುಗು, ಸೊರಬದ ಕಾಡಿನ ಉಣುಗು

ಪೂರ್ವ ದೆಹಲಿಯ ಲಕ್ಷ್ಮೀ ನಗರದಲ್ಲಿ ಬರಿ ಮಣ್ಣು ಕಾಣಸಿಗುವುದೇ ಅಪರೂಪ. ಮೆಟ್ರೊ ಕಂಬಗಳ ಪಕ್ಕದಲ್ಲಿ ಸಿಎ ಕೋಚಿಂಗ್ ಬೋರ್ಡುಗಳು, ಅದರ ಹಿಂದಿನ ಗಲ್ಲಿಗಳಲ್ಲಿ ಒಂದಕ್ಕೊಂದು ಆತುಕೊಂಡು ನಿಂತ ನಾಲ್ಕಂತಸ್ತಿನ ಮನೆಗಳು, ಮಹಡಿಗೊಂದು ಪಿಜಿ. ಇಂಥ ಜಾಗದಲ್ಲಿ ಉಣುಗಿನ ಮಾತು ಬಂದದ್ದು ಮಲೆನಾಡಿನ ಸಾಗರದ ಕಡೆಯಿಂದ ಓದಲು ಬಂದ ಹುಡುಗನೊಬ್ಬನಿಂದ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಹತ್ತುತ್ತಿದ್ದ ಕಂದು ಬಣ್ಣದ, ಚಪ್ಪಟೆ ಮೈಯ, ಎಂಟು ಕಾಲಿನ ಜೀವಿಯೊಂದರ ಫೋಟೊ ತೆಗೆದುಕೊಂಡು ಬಂದಿದ್ದ. "ಅಣ್ಣಾ, ನಮ್ಮೂರಿನ ಕಾಯಿಲೆ ಇಲ್ಲಿಗೂ ಬಂತಾ?"

ಬಂದಿಲ್ಲ. ಆದರೆ ಮಂಗನ ಕಾಯಿಲೆಯ ಬಗೆಗಿನ ಅವನ ಹೆದರಿಕೆಯನ್ನು ನಕ್ಕು ತಳ್ಳಿಹಾಕುವ ಹಾಗೂ ಇರಲಿಲ್ಲ. ಉಣುಗಿನಿಂದ ಬರುವ ರೋಗಗಳಿಗೆ ವಿಳಾಸವಿದೆ. ಯಾವ ಜಾತಿಯ ಉಣುಗು, ಯಾವ ಸೀಮೆ, ಯಾವ ತಿಂಗಳು ಎಂಬುದರ ಮೇಲೆ ಎಲ್ಲ ನಿಂತಿದೆ. ಒಂದು ಸೀಮೆಯ ತಿಳಿವಳಿಕೆಯನ್ನು ಇನ್ನೊಂದು ಸೀಮೆಗೆ ಹೊತ್ತುಕೊಂಡು ಹೋದಾಗಲೇ ತಪ್ಪು ಕಲ್ಪನೆಗಳು ಹುಟ್ಟುವುದು. ಮಲೆನಾಡಿನ ಭಯ ದೆಹಲಿಯ ಗೋಡೆಗೆ ಅಂಟುತ್ತದೆ, ಅಮೆರಿಕದ ಉಪಾಯ ಮಲೆನಾಡಿನ ಗುಡ್ಡಕ್ಕೆ ಹೋಗುತ್ತದೆ. ಬಯಲುಸೀಮೆಯವರು ಉಣ್ಣೆ ಎನ್ನುವ, ದೆಹಲಿಯವರು ಕಿಲ್ನಿ, ಚಿಚಡ್ ಎನ್ನುವ ಈ ಜೀವಿಯ ಬಗ್ಗೆ ನನ್ನ ಕಿವಿಗೆ ಬಿದ್ದ ಮಾತುಗಳನ್ನು ಒಂದೊಂದಾಗಿ ನೋಡೋಣ.

"ಉಣುಗು ಕಾಡಿನದ್ದು, ಸಿಟಿಯಲ್ಲಿ ಎಲ್ಲಿರುತ್ತೆ?"

ಗೋಡೆಯ ಮೇಲೆ ಕಂಡದ್ದು ಕಂದು ನಾಯಿ ಉಣುಗು. ಶಾಸ್ತ್ರೀಯ ಹೆಸರು ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್. ಇದಕ್ಕೆ ಕಾಡೂ ಬೇಡ, ಹುಲ್ಲೂ ಬೇಡ. ಒಂದು ನಾಯಿ, ನಾಲ್ಕು ಬಿರುಕು ಬಿಟ್ಟ ಗೋಡೆ ಇದ್ದರೆ ಸಂಸಾರ ನಡೆಯುತ್ತದೆ. ಹೊಟ್ಟೆ ತುಂಬ ರಕ್ತ ಹೀರಿದ ಹೆಣ್ಣು ನಾಯಿಯ ಮೈಯಿಂದ ಉದುರಿ, ಮೇಲಕ್ಕೆ ಹತ್ತಿ, ಕಿಟಕಿ ಚೌಕಟ್ಟಿನ ಸಂದಿಯಲ್ಲೋ ಸ್ವಿಚ್ ಬೋರ್ಡಿನ ಹಿಂದೆಯೋ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಮರಿಗೆ ಆರು ಕಾಲು. ಅದು ನಾಯಿಯನ್ನು ಹುಡುಕಿ ರಕ್ತ ಹೀರಿ ಉದುರುತ್ತದೆ, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಅದೂ ಒಮ್ಮೆ ಹತ್ತಿ ಇಳಿದ ಮೇಲೆ ಬೆಳೆದ ಉಣುಗು. ಮೂರು ಸಲವೂ ಹತ್ತುವುದು ಹೆಚ್ಚಾಗಿ ನಾಯಿಯ ಮೈಯನ್ನೇ, ಇಳಿಯುವುದು ನಮ್ಮ ಗೋಡೆ ನೆಲಗಳಿಗೆ. ಬೆಳೆದ ಉಣುಗು ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಬಾಗಿಲು ಹಾಕಿ ಊರಿಗೆ ಹೋಗಿ ಬಂದವರ ಕೋಣೆಯಲ್ಲಿ ಅದು ಹಾಗೇ ಕೂತಿರುವುದರ ಗುಟ್ಟು ಇಷ್ಟೇ.

ಚಳಿಗಾಲದಲ್ಲಿ ಗಲ್ಲಿಯ ನಾಯಿಗಳು ಮೆಟ್ಟಿಲ ಕೆಳಗೆ, ಎರಡನೇ ಮಹಡಿಯ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬಂದು ಮಲಗುತ್ತವೆ. ಯಾರೋ ಹಳೆ ಗೋಣಿಚೀಲ ಹಾಸಿರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಬೇಸಿಗೆ ಬರುವ ಹೊತ್ತಿಗೆ ಆ ಗೋಣಿಯನ್ನು ಎತ್ತಿ ಕೊಡವಿದರೆ ಕಾಣುವುದೇ ಬೇರೆ. ಕಂದು ನಾಯಿ ಉಣುಗು ಸಾಮಾನ್ಯವಾಗಿ ಮನುಷ್ಯನಿಗಿಂತ ನಾಯಿಯನ್ನೇ ಇಷ್ಟಪಡುತ್ತದೆ. ಆದರೆ ಸೆಕೆ ವಿಪರೀತವಾದಾಗ ಅದರ ಒಲವು ಮನುಷ್ಯನ ಕಡೆಗೆ ತಿರುಗುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2020ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅವರು ನೋಡಿದ್ದು ಸುಮಾರು 38 ಡಿಗ್ರಿ ಶಾಖದಲ್ಲಿ. ಮೇ ತಿಂಗಳ ದೆಹಲಿಯಲ್ಲಿ ಅದು ಬೆಳಿಗ್ಗೆ ಹತ್ತೂವರೆಯ ಶಾಖ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸಾಗಿಸಲು ಹೇಳಿ, ಆಮೇಲೆ ಅದೇ ತಿಂಗಳು ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸಿ ಮತ್ತೆ ಅದೇ ಜಾಗಕ್ಕೆ ಬಿಡಿ ಎಂದು ತಿದ್ದಿತು. ಆಗ ಗಲ್ಲಿಗಲ್ಲಿಯಲ್ಲೂ ವಾದ ನಡೆದದ್ದು ನಾಯಿ ಕಡಿತ, ರೇಬೀಸ್ ಬಗ್ಗೆ. ನಾಯಿಯ ಮೈಮೇಲಿನ ಉಣುಗನ್ನು ಯಾರೂ ಎತ್ತಲಿಲ್ಲ. ಅನ್ನ ಹಾಕುವವರೂ ಬೈಯುವವರೂ ಇಬ್ಬರೂ ಒಪ್ಪಿ ಮಾಡಬಹುದಾದ ಕೆಲಸ ಆ ಉಣುಗಿಗೆ ಮದ್ದು ಹಾಕುವುದೊಂದೇ ಇತ್ತೇನೋ.

"ಹಾಗಾದರೆ ಇದೇ ಮಂಗನ ಕಾಯಿಲೆಯ ಉಣುಗು"

ಅಲ್ಲ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಬೇರೆಯೇ ಉಣುಗು. ಅದಕ್ಕೆ ಬೇಕಾದ್ದು ಪಶ್ಚಿಮ ಘಟ್ಟದ ತೇವದ ನೆಲ, ತರಗೆಲೆಯ ಹಾಸು, ಇಲಿ ಹೆಗ್ಗಣಗಳು, ಮಂಗಗಳು, ಮೇಯಲು ಬರುವ ದನಗಳು. ಯಮುನೆಯ ದಡದಲ್ಲಿ ಈ ಸಂಸಾರ ಕೂಡಿ ಬರುವುದಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ. ಮಂಗವೂ ಮನುಷ್ಯನೂ ಒಟ್ಟಿಗೆ ಬಿದ್ದದ್ದನ್ನು ಕಂಡು, ಭಾರತಕ್ಕೆ ಎಂದೂ ಬಾರದ ಹಳದಿ ಜ್ವರ ಬಂದೇ ಬಿಟ್ಟಿತೇ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ, ಟೆಲ್ಫೋರ್ಡ್ ವರ್ಕ್ ಮತ್ತು ಅವರ ಜೊತೆಯವರು ಬಂದರು. ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಕೂತು ಬಂದಿರಬಹುದೇ ಎಂಬ ಅನುಮಾನ ಆಗ ಎದ್ದಿತು. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಸಕ್ತಿ ಕೂಡಿಕೊಂಡದ್ದು ಈ ಅನುಮಾನದ ನೆರಳಿನಲ್ಲೇ. ಹಕ್ಕಿಗಳ ಮೇಲಿನ ಆರೋಪ ರುಜುವಾಗಲಿಲ್ಲ. ಸೊರಬದ ಒಂದು ಊರಿನ ಹೆಸರು ಮಾತ್ರ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ರೋಗದ ಹೆಸರಾಗಿ ಕೂತುಬಿಟ್ಟಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ.

ಎಷ್ಟೋ ವರ್ಷ ಇದು ಶಿವಮೊಗ್ಗ ಮತ್ತು ಅದರ ಅಕ್ಕಪಕ್ಕದ ಜಿಲ್ಲೆಗಳ ಪಾಡಾಗಿತ್ತು. 2012ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೆಲ್ಲ ಕಾಣಿಸಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ಕಾರಣಕ್ಕೇ ಪತ್ರಿಕೆಗಳ ಮುಖಪುಟ ಏರಿತು. 2024ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮತ್ತೆ ಸುದ್ದಿಯಲ್ಲಿದ್ದವು. ಈ ಪಟ್ಟಿ ಪೂರ್ತಿ ಪಶ್ಚಿಮ ಘಟ್ಟದ ಬೆನ್ನಿನ ಮೇಲೇ ಸಾಗುತ್ತದೆ. ದೆಹಲಿ ಅದರಲ್ಲಿಲ್ಲ.

"ಮಂಗ ಕಚ್ಚಿದರೆ ಮಂಗನ ಕಾಯಿಲೆ ಬರುತ್ತೆ"

ದೆಹಲಿಯ ಕೆಂಪುಮೂತಿ ಕೋತಿಗಳು ಕಚ್ಚಿದರೆ ರೇಬೀಸ್ ಲಸಿಕೆಗೆ ಓಡಬೇಕು, ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮಂಗನ ಕಾಯಿಲೆಗೂ ಆ ಕಡಿತಕ್ಕೂ ಸಂಬಂಧವಿಲ್ಲ. ಮಲೆನಾಡಿನಲ್ಲೂ ಮಂಗ ಕಚ್ಚಿ ಈ ಕಾಯಿಲೆ ಬರುವುದಲ್ಲ. ಮುಸಿಯವೂ ಕೆಂಪು ಮಂಗವೂ ಈ ವೈರಸ್ಸಿಗೆ ನಮಗಿಂತ ಬೇಗ ಬಲಿಯಾಗುವ ಪ್ರಾಣಿಗಳು. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಸೋಂಕಿನ ಉಣುಗುಗಳು ಇಳಿದು ಸುತ್ತಲ ನೆಲದಲ್ಲಿ ಚೆಲ್ಲಿಕೊಳ್ಳುತ್ತವೆ. ಅದಕ್ಕೇ ಮಂಗ ಸತ್ತ ಜಾಗದ ಸುತ್ತ ಆರೋಗ್ಯ ಇಲಾಖೆಯವರು ಮೆಲಾಥಿಯಾನ್ ಹಾಕುವುದು, ಅತ್ತ ಸುಳಿಯಬೇಡಿ ಎನ್ನುವುದು. ಮಂಗ ಸತ್ತದ್ದನ್ನು ಕಂಡವರು ಮುಟ್ಟದೆ, ಕೋಲಿನಿಂದಲೂ ತಿರುಗಿಸದೆ, ಆಶಾ ಕಾರ್ಯಕರ್ತೆಗೋ ಅರಣ್ಯದವರಿಗೋ ತಿಳಿಸಿದರೆ ಒಂದು ಊರೇ ಎಚ್ಚರಗೊಳ್ಳುತ್ತದೆ.

2022ರ ಜುಲೈನಲ್ಲಿ ದೆಹಲಿಯಲ್ಲಿ ಮಂಕಿಪಾಕ್ಸಿನ ಮೊದಲ ರೋಗಿ ಪತ್ತೆಯಾದಾಗ ಊರಿಂದ ಫೋನು ಬಂದವರೆಷ್ಟೋ ಜನ, "ನಮ್ಮ ಮಂಗನ ಕಾಯಿಲೆಯಂತೆ ಅಲ್ಲೂ" ಎಂದು. ಅದು ಸಿಡುಬಿನ ಬಳಗದ್ದು, ಮನುಷ್ಯರ ನಿಕಟ ಸಂಪರ್ಕದಿಂದ ಹರಡುವಂಥದ್ದು, ಉಣುಗಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಮಕ್ಕಳ ಕೆನ್ನೆ ಊದುವ ಮಂಗನ ಬಾವು ಇನ್ನೂ ಬೇರೆ. ಪಾಪದ ಮಂಗ ಎಲ್ಲದಕ್ಕೂ ಹೆಸರು ಕೊಟ್ಟಿದೆ.

"ಕಾಡು ಸವರಿ, ಮಂಗ ಓಡಿಸಿದರೆ ಕಾಯಿಲೆ ನಿಲ್ಲುತ್ತೆ"

ಇದು ಊರಲ್ಲಿರುವವರಿಗಿಂತ ಊರು ಬಿಟ್ಟು ಬಂದವರ ಬಾಯಲ್ಲಿ ಹೆಚ್ಚು ಕೇಳಿಸುವ ಮಾತು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆದದ್ದು ಇದಕ್ಕೆ ನೇರ ಉತ್ತರ. ನಿಡ್ಲೆಯ ಸುತ್ತ ಗೇರು ತೋಟಕ್ಕಾಗಿ ಕಾಡು ಕಡಿದರು. ಕಾಡು ಕಡಿಯುವ ಕೆಲಸಕ್ಕೆ ಹೋದವರಿಗೂ ಅಕ್ಕಪಕ್ಕದ ಊರಿನವರಿಗೂ ಕಾಯಿಲೆ ಹಬ್ಬಿ, ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಎಷ್ಟೋ ಮಂದಿ ತೀರಿಕೊಂಡರು. ಕಾಡಿನೊಳಗೆ ಮಂಗಕ್ಕೂ ಇಲಿಗೂ ಉಣುಗಿಗೂ ನಡುವೆ ಸುತ್ತುತ್ತಿದ್ದ ವೈರಸ್ಸಿನ ದಾರಿಯೊಳಕ್ಕೆ ಮನುಷ್ಯನೇ ಕೊಡಲಿ ಹಿಡಿದು ನಡೆದು ಹೋಗಿದ್ದ. ಕಡಿದ ಕಾಡಿನಂಚಿನಲ್ಲಿ ಎದ್ದ ಕುರುಚಲಿನಲ್ಲಿ ದನ ಮೇಯುತ್ತವೆ, ಬೆಳೆದ ಉಣುಗಿಗೆ ದನದ ರಕ್ತ ಯಥೇಚ್ಛ, ಮೊಟ್ಟೆಗೂ ಕೊರತೆಯಿಲ್ಲ. ಕಾಡಿನ ನಟ್ಟನಡುವೆ ಇರುವುದಕ್ಕಿಂತ ಕಾಡೂ ಊರೂ ಸೇರುವ ಅಂಚಿನಲ್ಲೇ ಅಪಾಯ ಹೆಚ್ಚು.

ಇದರಲ್ಲಿ ಕಾಲದ ಲೆಕ್ಕವೂ ಇದೆ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ಓಡಾಡುತ್ತವೆ, ಮಳೆ ಹಿಂದೆಗೆದಂತೆ ಮೊಟ್ಟೆಯೊಡೆದು ಮರಿಗಳು ಬರುತ್ತವೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಎಳೆ ಉಣುಗುಗಳ ಕಾಲ ಶುರುವಾಗಿ ಮೇವರೆಗೂ ಎಳೆಯುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯವೇ. ಮಲೆನಾಡಿನ ದಿನಚರಿ ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಅಡಿಕೆ ಕೊಯ್ಲು, ಸೌದೆ ಒಟ್ಟುವುದು, ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಲೆಹೊರೆಯಲ್ಲಿ ಕೊಟ್ಟಿಗೆಗೆ ತರುವುದು, ಎಲ್ಲವೂ ಬೀಳುವುದು ಈ ತಿಂಗಳುಗಳಲ್ಲೇ. ಬಗ್ಗಿ ದರಕು ಗುಡಿಸುವ ಹೆಂಗಸಿನ ಸೆರಗು, ತೋಳು, ಹೊರೆ ಹೊತ್ತ ಕುತ್ತಿಗೆ ಉಣುಗಿಗೆ ತೆರೆದ ಬಾಗಿಲು. "ಕಾಡಿಗೆ ಹೋಗಬೇಡಿ" ಎಂಬ ಸಲಹೆ ಬೆಂಗಳೂರಿನ ಕಚೇರಿಯಿಂದ ಸುಲಭವಾಗಿ ಹೊರಡುತ್ತದೆ. ದರಕು ಇಲ್ಲದೆ ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಸವರಿ ಹೋಗಿ, ತುಂಬುತೋಳಿನ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ ಎನ್ನುವ ಸಲಹೆ ಅದಕ್ಕಿಂತ ಮರ್ಯಾದೆಯದ್ದು. ಆ ಡೇಪಾ ಎಣ್ಣೆಯ ಮೂಲ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ. ಸೈನಿಕರಿಗಾಗಿ ಮಾಡಿದ್ದು ಈಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೆಲಸ ಮಾಡುತ್ತಿದೆ.

"ಉಣುಗು ಮರದಿಂದ ಉದುರುತ್ತೆ, ಹಾರಿ ಬಂದು ಕೂರುತ್ತೆ"

ಉಣುಗಿಗೆ ರೆಕ್ಕೆ ಇಲ್ಲ, ಚಿಗಟದಂತೆ ನೆಗೆಯುವ ಕಾಲೂ ಇಲ್ಲ. ಹುಲ್ಲಿನ ತುದಿಗೋ ತರಗೆಲೆಯ ಮೇಲಕ್ಕೋ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಮೈಬಿಸಿ ತಿಳಿದು, ತಾಗಿದ ಬಟ್ಟೆಯನ್ನು ಹಿಡಿದು ಮೇಲೆ ಹತ್ತುತ್ತದೆ. ಕುತ್ತಿಗೆಯಲ್ಲಿ ಸಿಕ್ಕಿತೆಂದು ಮರದಿಂದ ಬಿತ್ತು ಎಂದುಕೊಳ್ಳುತ್ತೇವೆ. ಅದು ಬಂದದ್ದು ಕಣಕಾಲಿನಿಂದ.

"ಕಚ್ಚಿದರೆ ಗೊತ್ತಾಗದೇ ಇರುತ್ತಾ?"

ಗೊತ್ತಾಗುವುದಿಲ್ಲ, ಅದೇ ಫಜೀತಿ. ಉಣುಗಿನ ಜೊಲ್ಲಿನಲ್ಲಿ ನೋವು, ತುರಿಕೆ ತಿಳಿಯದಂತೆ ಮಾಡುವ ಅಂಶಗಳಿವೆ. ಮಂಗನ ಕಾಯಿಲೆ ಹರಡುವ ಎಳೆ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಕಂಕುಳು, ಕಿವಿಯ ಹಿಂದೆ, ಸೊಂಟದ ದಾರ ಕೂರುವ ಜಾಗ, ತೊಡೆಸಂದಿ, ಮಕ್ಕಳ ನೆತ್ತಿ ಹೀಗೆ ಕಣ್ಣು ಹೋಗದಲ್ಲೇ ಕೂರುತ್ತದೆ. "ಉಣುಗು ಕಚ್ಚಿದೆಯಾ?" ಎಂದು ವೈದ್ಯರು ಕೇಳಿದಾಗ "ಇಲ್ಲ" ಎನ್ನುವ ಉತ್ತರಕ್ಕೆ ಹೆಚ್ಚು ಬೆಲೆ ಇಲ್ಲ. "ಕಳೆದ ಎರಡು ವಾರದಲ್ಲಿ ಗುಡ್ಡಕ್ಕೆ ಹೋಗಿದ್ದೀರಾ?" ಎಂಬ ಪ್ರಶ್ನೆ ಅದಕ್ಕಿಂತ ಒಳ್ಳೆಯದು. ಹಾಗೆಂದು ಕಚ್ಚಿದ ಪ್ರತಿ ಉಣುಗೂ ರೋಗ ತರುವುದಿಲ್ಲ. ಬಹಳಷ್ಟು ಉಣುಗುಗಳಲ್ಲಿ ಸೋಂಕೇ ಇರುವುದಿಲ್ಲ.

"ಸುಣ್ಣ ಹಚ್ಚು, ಬೀಡಿ ತುದಿ ಮುಟ್ಟಿಸು, ತಾನೇ ಬಿಡುತ್ತೆ"

ಊರಿನಲ್ಲಿ ಸುಣ್ಣ, ಹೊಗೆಸೊಪ್ಪಿನ ರಸ, ಸೀಮೆಎಣ್ಣೆ. ಲಕ್ಷ್ಮೀ ನಗರದ ಪಿಜಿಯಲ್ಲಿ ಸ್ಯಾನಿಟೈಸರ್, ವ್ಯಾಸಲೀನ್, ಉಗುರಿನ ಬಣ್ಣ. ಸಾಮಗ್ರಿ ಬದಲಾಗಿದೆ, ತಪ್ಪು ಅದೇ. ಉಸಿರುಗಟ್ಟಿ ಬಿಡುತ್ತದೆ ಎಂಬುದು ನಂಬಿಕೆ, ಆದರೆ ಉಣುಗು ಗಂಟೆಗಟ್ಟಲೆ ಉಸಿರಾಡದೆ ಇರಬಲ್ಲದು. ಕೆಣಕಿದಷ್ಟೂ, ಸುಟ್ಟಷ್ಟೂ ಅದರ ಹೊಟ್ಟೆಯಲ್ಲಿದ್ದದ್ದು ಗಾಯದೊಳಕ್ಕೆ ಹೋಗುವ ಅಪಾಯ ಹೆಚ್ಚು. ಬೀಡಿ ಮುಟ್ಟಿಸಿದರೆ ಚರ್ಮವೂ ಸುಡುತ್ತದೆ, ಅದು ಬೇರೆ.

ಬೇಕಾದ್ದು ಒಂದು ಸಣ್ಣ ತುದಿಯ ಚಿಮುಟ. ಹುಬ್ಬು ಕೀಳುವ ಚಿಮುಟ ಸಾಕು, ಯಾವ ಪಿಜಿಯಲ್ಲಾದರೂ ಒಂದು ಸಿಗುತ್ತದೆ. ಉಣುಗಿನ ಊದಿದ ಹೊಟ್ಟೆಯನ್ನು ಹಿಡಿಯಬಾರದು. ಚರ್ಮಕ್ಕೆ ತಾಗಿರುವ ಬುಡದಲ್ಲಿ ಹಿಡಿದು, ತಿರುಚದೆ, ಜಗ್ಗದೆ, ನಿಧಾನವಾಗಿ ಒಂದೇ ಸಮನೆ ನೇರ ಮೇಲಕ್ಕೆ ಎಳೆಯಬೇಕು. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ತಾಳ್ಮೆ ಇದ್ದರೆ ಬಿಡುತ್ತದೆ. ಮೂತಿಯ ಚೂರು ಒಳಗೆ ಉಳಿದರೆ ಗಾಬರಿ ಬೇಡ. "ತಲೆ ಒಳಗೆ ಉಳಿದರೆ ಅದು ಮತ್ತೆ ಬೆಳೆಯುತ್ತೆ" ಎಂದು ನಮ್ಮ ಕಡೆ ಹೇಳುತ್ತಾರೆ, ಬೆಳೆಯುವುದಿಲ್ಲ. ಸೂಜಿ ಹಾಕಿ ಕೆದಕಿ ಹುಣ್ಣು ಮಾಡಿಕೊಳ್ಳುವುದಕ್ಕಿಂತ ಬಿಟ್ಟರೆ ಚರ್ಮವೇ ಅದನ್ನು ಹೊರಹಾಕುತ್ತದೆ. ಜಾಗವನ್ನು ಸೋಪಿನಲ್ಲಿ ತೊಳೆದು ಸ್ಪಿರಿಟ್ ಹಚ್ಚಿ. ಕಿತ್ತ ಉಣುಗನ್ನು ಉಗುರಿನಲ್ಲಿ ಕುಕ್ಕಬೇಡಿ, ಅದರ ರಕ್ತ ಕೈಯ ಗಾಯಕ್ಕೆ ತಾಗಬಾರದು. ಸೆಲ್ಲೊಟೇಪಿನ ಮಧ್ಯೆ ಅಂಟಿಸಿ ಮೇಲೆ ತಾರೀಖು ಬರೆದಿಟ್ಟರೆ ಮುಂದೆ ಜ್ವರ ಬಂದಾಗ ಉಪಯೋಗಕ್ಕೆ ಬರುತ್ತದೆ.

"ಇಪ್ಪತ್ನಾಲ್ಕು ಗಂಟೆಯೊಳಗೆ ಕಿತ್ತರೆ ಏನೂ ಆಗಲ್ಲ"

ಇದು ಅಂತರ್ಜಾಲದಿಂದ ಬಂದ ಅರ್ಧಸತ್ಯ. ಉಣುಗು ಕಚ್ಚಿತು ಎಂದು ಹುಡುಕಿದರೆ ಮೊದಲು ಬರುವುದು ಅಮೆರಿಕದ ಲೈಮ್ ರೋಗದ ಮಾಹಿತಿ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರಿನದ್ದು, ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಆ ಬ್ಯಾಕ್ಟೀರಿಯಾ ಉಣುಗಿನ ಕರುಳಿನಿಂದ ಜೊಲ್ಲಿಗೆ ಬರಲು ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕು. ಅದಕ್ಕೇ ಅಲ್ಲಿ ಗಂಟೆಯ ಲೆಕ್ಕ. ಅಲ್ಲಿ ಅದನ್ನು ಹರಡುವ ಜಿಂಕೆ ಉಣುಗು ನಮ್ಮಲ್ಲಿಲ್ಲ, ಭಾರತದಲ್ಲಿ ಲೈಮ್ ವರದಿಯಾದದ್ದೇ ವಿರಳ. ವೈರಸ್ಸುಗಳು ಉಣುಗಿನ ಜೊಲ್ಲಿನಲ್ಲಿ ಮೊದಲೇ ಸಿದ್ಧವಾಗಿ ಕೂತಿರಬಹುದು, ಅವಕ್ಕೆ ಅಷ್ಟು ಹೊತ್ತು ಬೇಡ. ಬೇಗ ಕೀಳುವುದು ಒಳ್ಳೆಯದೇ, ಆದರೆ "ಬೇಗ ಕಿತ್ತೆ, ಇನ್ನು ನಿಶ್ಚಿಂತೆ" ಎಂದು ಸಾಗರದ ಗುಡ್ಡದಲ್ಲಿ ಹೇಳುವಂತಿಲ್ಲ. ಚರ್ಮದ ಮೇಲೆ ಬಿಲ್ಲುಗುರಿಯಂಥ ಕೆಂಪು ಉಂಗುರ ಮೂಡಲಿಲ್ಲವೆಂದು ಸಮಾಧಾನಪಡುವವರೂ ಇದ್ದಾರೆ. ಆ ಉಂಗುರ ಲೈಮ್ ರೋಗದ ಗುರುತು, ಮಂಗನ ಕಾಯಿಲೆಯಲ್ಲಿ ಅದು ಬರುವುದೇ ಇಲ್ಲ.

"ನಾಯಿಗೆ ಟಿಕ್ ಫೀವರ್, ಇನ್ನು ಮನೆಮಂದಿಗೆಲ್ಲ ಬರುತ್ತೆ"

ದೆಹಲಿಯ ಪಶುವೈದ್ಯರು ಟಿಕ್ ಫೀವರ್ ಎಂದು ಹೇಳುವುದು ಸಾಮಾನ್ಯವಾಗಿ ಎರ್ಲಿಕಿಯಾ ಅಥವಾ ಬಬೇಸಿಯಾ ಸೋಂಕು. ನಾಯಿಗೆ ಅದು ಪ್ರಾಣಾಂತಿಕ. ಒಸಡು ಬಿಳಿಚಿ, ಊಟ ಬಿಟ್ಟು, ಮೂಗಿನಿಂದ ರಕ್ತ ಬಂದರೆ ತಡಮಾಡಬಾರದು. ಆದರೆ ನಾಯಿಯಿಂದ ನೇರವಾಗಿ ಮನುಷ್ಯನಿಗೆ ಅದು ಹರಡುವುದಿಲ್ಲ. ಮುದ್ದಿನ ನಾಯಿಯನ್ನು ಬೀದಿಗೆ ಬಿಡಬೇಕಾಗಿಲ್ಲ.

ಆದರೆ ಅದೇ ಕಂದು ಉಣುಗು ಇನ್ನೊಂದು ಬ್ಯಾಕ್ಟೀರಿಯಾ ಹೊತ್ತಿರಬಹುದು, ರಿಕೆಟ್ಸಿಯಾ ಕೊನೋರಿ. ಅದರಿಂದ ಮನುಷ್ಯರಿಗೆ ಬರುವುದು ಭಾರತೀಯ ಟಿಕ್ ಟೈಫಸ್: ಜ್ವರ, ತಲೆನೋವು, ಅಂಗೈ ಅಂಗಾಲಿಗೂ ಹಬ್ಬುವ ಗಂದೆ. ದೆಹಲಿಯ ಸುತ್ತ ಇದಕ್ಕಿಂತ ಹೆಚ್ಚಾಗಿ ಮಳೆಗಾಲದ ಕೊನೆಗೆ ಕಾಣುವುದು ಸ್ಕ್ರಬ್ ಟೈಫಸ್. ಅದು ಉಣುಗಿನದ್ದೇ ಅಲ್ಲ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುವಂಥದ್ದು. ಕಚ್ಚಿದ ಜಾಗದಲ್ಲಿ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ ಇದ್ದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದ ಹಾಗೆ. ನಾಚಿಕೆ ಬಿಟ್ಟು ತೋರಿಸಬೇಕು, ಅದು ಒಳಉಡುಪಿನ ಅಂಚಿನಲ್ಲೇ ಇರುವುದು ಹೆಚ್ಚು. ಈ ಎರಡು ಜ್ವರಗಳಿಗೂ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಗ ಕೊಟ್ಟರೆ ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತದೆ, ತಡವಾದರೆ ಶ್ವಾಸಕೋಶ, ಮೂತ್ರಪಿಂಡಕ್ಕೆ ಹೋಗುತ್ತದೆ.

ಗೋಡೆಯ ಉಣುಗಿಗೆ ಮದ್ದು ನಾಯಿಯ ಮೈಯಿಂದ ಶುರುವಾಗಬೇಕು. ಪಶುವೈದ್ಯರು ಕೊಡುವ ಕುತ್ತಿಗೆಪಟ್ಟಿ, ಬೆನ್ನಿಗೆ ಹಚ್ಚುವ ಹನಿ, ಗುಳಿಗೆ, ಯಾವುದಾದರೂ ಒಂದು. ಬಿರುಕುಗಳಿಗೆ ಸಿಮೆಂಟು, ಗೋಣಿಗೆ ಬಿಸಿಲು. ದನಕ್ಕೆ ಸಿಂಪಡಿಸುವ ಔಷಧಿಯನ್ನು ಅಂದಾಜಿಗೆ ಬೆರೆಸಿ ಮುಚ್ಚಿದ ಕೋಣೆಯಲ್ಲಿ ಹೊಡೆಯುವ ಅಭ್ಯಾಸ ಇಲ್ಲಿದೆ. ಉಣುಗು ಸಾಯುವ ಮುಂಚೆ ಮಲಗಿದವರಿಗೆ ತಲೆಸುತ್ತು ಬರುತ್ತದೆ.

"ಜ್ವರ ಬಂದವರ ಹತ್ತಿರ ಹೋದರೆ ಅಂಟುತ್ತೆ"

ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಊರಿಂದ ಜ್ವರ ಹೊತ್ತು ಬಂದ ಹುಡುಗನನ್ನು ರೂಮು ಖಾಲಿ ಮಾಡು ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ. ಅವನ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಶುಶ್ರೂಷೆ ಮಾಡಿದವರಿಗೆ ಭಯವಿಲ್ಲ.

ಆದರೆ ಉಣುಗಿನ ರೋಗಗಳೆಲ್ಲ ಹೀಗೇ ಎಂದುಕೊಳ್ಳಬಾರದು. 2011ರ ಜನವರಿಯಲ್ಲಿ ಗುಜರಾತಿನ ಸಾನಂದ್ ತಾಲ್ಲೂಕಿನ ಕೋಲಾಟ್ ಗ್ರಾಮದ ಮಹಿಳೆಯೊಬ್ಬರು ಅಹಮದಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೂ ದಾದಿಯೂ ಅದೇ ಕಾಯಿಲೆಯಿಂದ ಸತ್ತರು. ಪುಣೆಯ ಪ್ರಯೋಗಾಲಯ ಅದನ್ನು ಕ್ರಿಮಿಯನ್-ಕಾಂಗೊ ರಕ್ತಸ್ರಾವ ಜ್ವರವೆಂದು ಗುರುತಿಸಿತು. ಭಾರತದಲ್ಲಿ ಅದು ಮನುಷ್ಯರಲ್ಲಿ ಖಚಿತವಾದದ್ದು ಅದೇ ಮೊದಲು. ಹರಡುವುದು ಹಯಲೋಮ ಜಾತಿಯ ಉಣುಗು, ದನ ಎಮ್ಮೆ ಕುರಿಗಳ ಮೈಮೇಲಿನದ್ದು. ಈ ವೈರಸ್ ರೋಗಿಯ ರಕ್ತ, ದ್ರವಗಳ ಮೂಲಕವೂ ದಾಟುತ್ತದೆ. ಆಮೇಲೆ ಗುಜರಾತ್, ರಾಜಸ್ಥಾನಗಳಲ್ಲಿ ಮತ್ತೆ ಕಂಡಿದೆ. ಲಕ್ಷ್ಮೀ ನಗರಕ್ಕೆ ಹಾಲು ಬರುವ ಗಾಜಿಪುರದ ಡೇರಿಗಳಲ್ಲಿ ಎಮ್ಮೆ ತೊಳೆಯುವವರು ಉಣುಗನ್ನು ಬರಿಗೈಯಲ್ಲಿ ಕಿತ್ತು ಬೆರಳಲ್ಲೇ ಹಿಸುಕಬಾರದು ಎನ್ನುವುದು ಇದಕ್ಕೇ. ಅಲ್ಲಿ ಕಾಯಿಲೆ ಇದೆ ಎಂದಲ್ಲ, ಅಭ್ಯಾಸ ಕೆಟ್ಟದ್ದು.

ಹಾಲಿನ ಮಾತು ಬಂದದ್ದಕ್ಕೆ: ಮಂಗನ ಕಾಯಿಲೆ ದನದ ಹಾಲಿನಿಂದ ಬಂದ ದಾಖಲೆ ಇಲ್ಲ. ಯುರೋಪಿನಲ್ಲಿ ಅದರ ನೆಂಟನಾದ ಮಿದುಳು ಜ್ವರ ಹಸಿ ಮೇಕೆಹಾಲಿನಿಂದ ಬಂದದ್ದಿದೆ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಏರುತ್ತದೆಂದು ದೆಹಲಿಯಲ್ಲಿ ಮೇಕೆಹಾಲಿಗೆ ಮುಗಿಬೀಳುತ್ತಾರೆ, ಅದನ್ನೂ ಹಸಿಯಾಗಿಯೇ ಕುಡಿಯುತ್ತಾರೆ. ಏರುವುದು ಹಾಲಿನ ಬೆಲೆ ಮಾತ್ರ. ಕುಡಿಯುವುದೇ ಆದರೆ ಕಾಯಿಸಿ ಕುಡಿಯಲಿ.

"ಲಸಿಕೆ ಹಾಕಿಸಿಕೊಂಡಿದ್ದೇನೆ, ನನಗೇನಾಗುತ್ತೆ?"

1990ರಿಂದ ಕರ್ನಾಟಕದಲ್ಲಿ ಮಂಗನ ಕಾಯಿಲೆಗೆ ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷ ವರ್ಷ ಐದು ವರ್ಷ. ಸೂಜಿ ನೋಯುತ್ತಿತ್ತು, ಹಾಗಾಗಿ ಮೊದಲ ಸಲ ಹಾಕಿಸಿಕೊಂಡವರು ಎರಡನೆಯದಕ್ಕೆ ನಾಪತ್ತೆ. 2005ರಿಂದ 2010ರ ಅವಧಿಯ ಅಧ್ಯಯನದಲ್ಲಿ ಎರಡು ಡೋಸಿಗೆ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಕಂಡಿತ್ತು. ನಂತರದ ವರ್ಷಗಳಲ್ಲಿ ಅದರ ಸತ್ವದ ಬಗ್ಗೆಯೇ ಅನುಮಾನ ಬಂದು ಈಗ ಆ ಲಸಿಕೆ ಕೊಡುತ್ತಿಲ್ಲ. ಹಿಂದೆ ಹಾಕಿಸಿಕೊಂಡ ಸೂಜಿಯ ಧೈರ್ಯದಲ್ಲಿ ಇಂದು ಗುಡ್ಡ ಹತ್ತಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯೂ ಸೇರಿ ಹೊಸ ಲಸಿಕೆಯ ಕೆಲಸದಲ್ಲಿವೆ. ಉಣುಗು ಕಚ್ಚಿದ ಕೂಡಲೇ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ನುಂಗುವುದೂ ದಂಡ. ಮಂಗನ ಕಾಯಿಲೆಯದ್ದು ವೈರಸ್, ಅದರ ಮೇಲೆ ಆ ಗುಳಿಗೆಯ ಆಟ ನಡೆಯುವುದಿಲ್ಲ.

"ದೆಹಲಿಯಲ್ಲಿ ಜ್ವರ ಎಂದರೆ ಡೆಂಗಿ, ಇಲ್ಲ ವೈರಲ್"

ಲಕ್ಷ್ಮೀ ನಗರದಲ್ಲಿ ಮಂಗನ ಕಾಯಿಲೆಯ ಉಣುಗಿಲ್ಲ ಎಂದೆ. ರೋಗಿ ಇರಲಾರ ಎನ್ನಲಿಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಸಂಕ್ರಾಂತಿಗೆ ಊರಿಗೆ ಹೋಗಿ, ಕೊಯ್ಲಿಗೆ ಕೈ ಹಾಕಿ, ಬೆಟ್ಟದಿಂದ ದರಕು ಹೊತ್ತು, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬಂದವನಿಗೆ ಜ್ವರ ಏರುವುದು ಇಲ್ಲಿ, ನಾಲ್ಕನೇ ಮಹಡಿಯ ಕೋಣೆಯಲ್ಲಿ. ದಿಢೀರ್ ಚಳಿಜ್ವರ, ಹಣೆ ಒಡೆದು ಹೋಗುವಂಥ ತಲೆನೋವು, ಸೊಂಟ, ಮೀನಖಂಡಗಳಲ್ಲಿ ತಾಳಲಾರದ ನೋವು, ಕೆಂಪೇರಿದ ಕಣ್ಣು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ, ಬಿಳಿ ರಕ್ತಕಣ ಕಡಿಮೆ. ಇಲ್ಲಿನ ವೈದ್ಯರಿಗೆ ಅದು ಡೆಂಗಿಯಾಗಿಯೇ ಕಾಣುತ್ತದೆ, ಅವರ ತಪ್ಪೂ ಅಲ್ಲ. ಆದರೆ ದೆಹಲಿಯ ಡೆಂಗಿ ಮಳೆಯ ಜೊತೆ ಏರಿ ಅಕ್ಟೋಬರಿನ ಹೊತ್ತಿಗೆ ತುತ್ತತುದಿಗೆ ಹೋಗಿ ಚಳಿಗೆ ಇಳಿಯುತ್ತದೆ. ಜನವರಿ ಕೊನೆಯಲ್ಲಿ ಡೆಂಗಿಯಂಥ ಜ್ವರ ಬಂದು ಡೆಂಗಿ ಪರೀಕ್ಷೆ ನೆಗೆಟಿವ್ ಎಂದರೆ, ಆಗ ಊರಿನ ಹೆಸರು ಕೆಲಸಕ್ಕೆ ಬರುತ್ತದೆ.

ಊರಿನ ತಾಯಂದಿರಿಗೆ ಇದು ಗೊತ್ತಿದೆ. "ಮಾಣಿ, ಬೆಟ್ಟಕ್ಕೆ ಹೋಗಿದ್ದೆ ಅಂತ ಡಾಕ್ಟ್ರಿಗೆ ಹೇಳಿದ್ಯಾ?" ಎಂದು ಫೋನಿನಲ್ಲಿ ಕೇಳುತ್ತಾರೆ. ಮಾಣಿ ಹೇಳಿರುವುದಿಲ್ಲ. ಹಿಂದಿಯಲ್ಲಿ ದರಕು, ಬೆಟ್ಟ, ಉಣುಗು ಎಲ್ಲ ವಿವರಿಸುವುದು ಯಾರಿಗೆ ಬೇಕು ಎಂದು "ಬುಖಾರ್ ಹೈ" ಎಂದಷ್ಟೇ ಹೇಳಿ ಬಂದಿರುತ್ತಾನೆ. ಹೇಳಬೇಕಾದ್ದು ಉದ್ದವೇನಿಲ್ಲ: ಕರ್ನಾಟಕದ ಶಿವಮೊಗ್ಗ ಕಡೆಯಿಂದ ಇಂಥ ತಾರೀಖಿಗೆ ಬಂದೆ, ಕಾಡಿನಲ್ಲಿ ಓಡಾಡಿದ್ದೆ, ನಮ್ಮಲ್ಲಿ ಕೆಎಫ್‌ಡಿ ಇದೆ. ಮೂರು ಅಕ್ಷರದ ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪದ ಕಡೆಯಿಂದ ಬಂದವರೆಲ್ಲ ಡಿಸೆಂಬರಿನಿಂದ ಮೇವರೆಗೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಜ್ವರ ಇಳಿಸಲು ಪ್ಯಾರಸಿಟಮಾಲ್ ಸರಿ. ಮೈಕೈ ನೋವು ತಡೆಯಲಾರದೆ ಆಸ್ಪಿರಿನ್, ಐಬುಪ್ರೊಫೇನ್ ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ. ಈ ಕಾಯಿಲೆಗೆಂದೇ ಇರುವ ಔಷಧಿ ಇಲ್ಲ. ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುವ ಆರೈಕೆಯೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಉಳಿದವರು ಸುಸ್ತು ಹೊತ್ತು ನಿಧಾನಕ್ಕೆ ಏಳುತ್ತಾರೆ. ಜ್ವರ ಬಿಟ್ಟಿತೆಂದು ಓದಲು ಕೂತವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬರುತ್ತದೆ. ಈ ಸಲ ಕೈನಡುಕ, ತಲೆಸುತ್ತು, ಗಲಿಬಿಲಿ ಜೊತೆಗೆ. ಆಗ ಕೋಣೆಯಲ್ಲಿ ಒಬ್ಬರೇ ಇರಬಾರದು, ಆಸ್ಪತ್ರೆಗೆ ಸೇರಬೇಕು.

ಮಾದರಿ ತೆಗೆಯುವುದರಲ್ಲೂ ದಿನದ ಲೆಕ್ಕವಿದೆ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಸಿಗುತ್ತದೆ, ಆರ್‌ಟಿ-ಪಿಸಿಆರ್ ಪರೀಕ್ಷೆ ಆಗ ಮಾಡಿಸಬೇಕು. ತಡವಾದರೆ ಐಜಿಎಂ ಪ್ರತಿಕಾಯದ ಪರೀಕ್ಷೆ. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಲ್ಲಿ ಇದು ದಿನನಿತ್ಯದ ಕೆಲಸ. ದೆಹಲಿಯ ಮೂಲೆಮೂಲೆಯ ಲ್ಯಾಬುಗಳ ಪಟ್ಟಿಯಲ್ಲಿ ಈ ಹೆಸರು ಇರುವುದಿಲ್ಲ. ಹಾಗಾಗಿ ಗಲ್ಲಿಯ ಕ್ಲಿನಿಕ್ಕಿನಲ್ಲಿ ದಿನ ಕಳೆಯದೆ ದೊಡ್ಡ ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗಿ, ಮಾದರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳಿಸಲು ಕೇಳಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಫೋನು ಹೋಗಬೇಕು. ಪರೀಕ್ಷೆ ಪಾಸಿಟಿವ್ ಬಂದರೆ ಅವರು ಹುಡುಕಿಕೊಂಡು ಹೋಗುವುದು ಲಕ್ಷ್ಮೀ ನಗರದ ಗಲ್ಲಿಗಲ್ಲ, ಆ ಹುಡುಗ ದರಕು ತಂದ ಬೆಟ್ಟಕ್ಕೆ. ನಾಳೆ ಅಲ್ಲಿಗೆ ಹೋಗಲಿರುವವರು ಅವನ ಮನೆಯವರೇ.